ಕಿವಿ ಕಾಣಲಿ, ನಗಬೇಡಿ

ಜನವರಿ ೯

ಅಪ್ಪ, ಅಮ್ಮ ಇಬ್ಬರಿಗೂ,

ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ ಎಂದು ಅಪ್ಪ ಹೇಳುತ್ತಾರಲ್ಲ, ಅದಕ್ಕೇ ಈ ಸುದ್ದಿಯನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಈ ತಿಂಗಳ ಕೊನೆಯ ಭಾನುವಾರ ನಾನು ಒಂದು ಮದುವೆಯ ಫೋಟೋ ತೆಗೆಯುತ್ತೇನೆ. ಲೈಟು ಹಿಡಿಯುವುದಕ್ಕಲ್ಲ, ಬ್ಯಾಗು ಹೊರುವುದಕ್ಕಲ್ಲ. ಫೋಟೋ ತೆಗೆಯುವುದಕ್ಕೆ, ಒಬ್ಬಳೇ.

ನಮ್ಮ ಸ್ಟುಡಿಯೋದಲ್ಲಿ ಮದುವೆಗಳೆಲ್ಲ ಯಜಮಾನರ ಅಳಿಯನ ಪಾಲು, ಪಾಸ್‌ಪೋರ್ಟ್ ಫೋಟೋಗಳೆಲ್ಲ ನನ್ನ ಪಾಲು. ಕಳೆದ ವಾರ ಅಳಿಯ ಯಾರದೋ ಹುಟ್ಟುಹಬ್ಬದಲ್ಲಿ ಮೇಲಿನಿಂದ ಫೋಟೋ ಬೇಕೆಂದು ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿದ. ಮುಂದಿನದನ್ನು ಅಮ್ಮ ಆಗಲೇ ಊಹಿಸಿರುತ್ತಾಳೆ. ಬಲಗೈ ಮುರಿದಿದೆ. ಯಜಮಾನರು ಬೇರೆ ಸ್ಟುಡಿಯೋದವರನ್ನೆಲ್ಲ ಕೇಳಿ ನೋಡಿದರು, ಆ ದಿನ ಯಾರಿಗೂ ಬಿಡುವಿಲ್ಲ. ಕೊನೆಗೆ ಮೆಟ್ಟಿಲ ಕೆಳಗಿನ ನನ್ನ ಕೋಣೆಯ ಪರದೆ ಸರಿಸಿ, ಒಳಗೆ ಬರದೆ ನಿಂತು, ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು.

ಆ ಕೋಣೆಯ ವಿಷಯ ನಿಮಗೆ ಗೊತ್ತಿದೆ. ಒಂದು ಬಿಳಿ ಪರದೆ, ಒಂದು ತಿರುಗುವ ಸ್ಟೂಲು, ಕನ್ನಡಿ, ಯಾರೂ ಜೇಬಿಗಿಳಿಸಬಾರದೆಂದು ದಾರ ಕಟ್ಟಿಟ್ಟ ಬಾಚಣಿಗೆ. ಮೂರು ವರ್ಷದಿಂದ ಅಲ್ಲಿ ದಿನವಿಡೀ ನಾನು ಆಡುವುದು ಅವೇ ಮಾತು. ನೇರ ಕೂತ್ಕೊಳ್ಳಿ, ಕಿವಿ ಕಾಣಲಿ, ಬಾಯಿ ಮುಚ್ಚಿ, ನಗಬೇಡಿ. ಅಳಿಯ ನನ್ನನ್ನು ಕರೆಯುವುದೇ ಪಾಸ್‌ಪೋರ್ಟಮ್ಮ ಎಂದು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವನು ಈಗಲೂ ಹಾಗೆಯೇ ಕರೆದ, ಆದರೆ ಸ್ವಲ್ಪ ಮೆಲ್ಲಗೆ.

ಯಜಮಾನರು ಹೇಳಿದ್ದು ಇಷ್ಟೇ: "ನೋಡಮ್ಮ, ಇದು ಚೆನ್ನಾಗಿ ಬಂದ್ರೆ ಈ ಸೀಸನ್ ಪೂರ್ತಿ ನಿಂದು. ಕೆಟ್ರೆ ವಾಪಸ್ ಮೆಟ್ಟಿಲ ಕೆಳಗೆ. ಆಮೇಲೆ ನನ್ನ ಕೇಳ್ಬೇಡ."

ಕೇಳುವುದಿಲ್ಲ. ಕೆಡುವುದೂ ಇಲ್ಲ.

ನಿಮ್ಮ ಮಗಳು

•

ಜನವರಿ ೧೫

ಮಗಳೇ,

ನಿನ್ನ ಕಾಗದ ತಲುಪಿತು. ಅಂಚೆಯವನು ಪಕ್ಕದ ಮನೆಗೆ ಹಾಕಿ ಹೋಗಿದ್ದ. ಆ ಬಗ್ಗೆ ಅಂಚೆ ಕಚೇರಿಗೆ ಬೇರೆಯಾಗಿ ಬರೆದಿದ್ದೇನೆ.

ಮದುವೆಯ ಫೋಟೋ ಎಂದರೆ ಮುಖಸ್ತುತಿಯ ಕೆಲಸ ಎಂದು ನಾನು ಹಿಂದೆ ಹೇಳಿದ್ದುಂಟು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಒಂದು ವಾಕ್ಯ ಸೇರಿಸುತ್ತೇನೆ. ಅದನ್ನು ಸಾಕ್ಷಿಯ ಕೆಲಸವನ್ನಾಗಿ ಮಾಡುವುದು ತೆಗೆಯುವವರ ಕೈಯಲ್ಲಿದೆ. ನಾನು ಕೆಲಸ ಮಾಡಿದಷ್ಟು ವರ್ಷವೂ ಕೋರ್ಟಿನಲ್ಲಿ ಬೆರಳಚ್ಚು ಮಾಡಿದವನು. ಸಾಕ್ಷಿ ಕೆಮ್ಮಿದರೆ ಕೆಮ್ಮಿದ ಎಂದು ಹೊಡೆದಿದ್ದೇನೆ. ತಡವರಿಸಿದರೆ ತಡವರಿಸಿದ ಎಂದು ಹೊಡೆದಿದ್ದೇನೆ. ದೊಡ್ಡ ದೊಡ್ಡ ವಕೀಲರು ಬಂದು ಮೇಜಿನ ಮೇಲೆ ಕೈಯೂರಿ, ಸ್ವಲ್ಪ ಚೆಂದ ಮಾಡಿ ಹೊಡೆಯಿರಿ ಎಂದಾಗಲೂ ಒಂದು ಅಕ್ಷರ ಚೆಂದ ಮಾಡಲಿಲ್ಲ.

ನಮ್ಮ ನಡುಮನೆಯ ಗೋಡೆಯ ಮೇಲಿರುವ ಮದುವೆಯ ಫೋಟೋ ನಿನಗೆ ಗೊತ್ತು. ಅದರ ಚರಿತ್ರೆ ಗೊತ್ತಿಲ್ಲ. ನಾನು ನಿನ್ನ ಅಮ್ಮನಿಗೆ ಉಂಗುರ ತೊಡಿಸಿದಾಗ ಆ ಫೋಟೋ ತೆಗೆದ ಮಹಾಶಯ ಎಲ್ಲಿದ್ದ? ಊಟದ ಪಂಕ್ತಿಯಲ್ಲಿದ್ದ. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದು, ಇನ್ನೊಂದು ಸಲ ಹಾಕಿ ಎಂದ. ಹಿರಿಯರೆಲ್ಲ ಹೌದಪ್ಪ, ಹಾಕು ಎಂದರು. ಹಾಕಿದೆ. ಆಗದೆ ಇದ್ದದ್ದನ್ನು ಆಯಿತೆಂದು ಹೇಳುತ್ತ ಆ ಫೋಟೋ ಇಷ್ಟು ವರ್ಷ ನಮ್ಮ ಗೋಡೆಯ ಮೇಲೆ ಕೂತಿದೆ. ಅದರಲ್ಲಿ ನಿನ್ನ ಅಮ್ಮ ನನ್ನನ್ನು ನೋಡುತ್ತಿಲ್ಲ, ಕ್ಯಾಮೆರಾವನ್ನು ನೋಡುತ್ತಿದ್ದಾಳೆ.

ಇದು ಸಣ್ಣ ವಿಷಯವಲ್ಲ. ನಮ್ಮೂರ ಸೇತುವೆಯ ಉದ್ಘಾಟನೆಗೆ ಬಂದ ದೊಡ್ಡವರು, ಪತ್ರಿಕೆಯ ಕ್ಯಾಮೆರಾ ತಡವಾಯಿತೆಂದು ಕತ್ತರಿಸಿದ ಟೇಪನ್ನು ಮತ್ತೆ ಕಟ್ಟಿಸಿ ಕತ್ತರಿಸಿದರು. ನಾನು ಅಲ್ಲೇ ನಿಂತಿದ್ದೆ. ಎರಡು ಸಲ ಉದ್ಘಾಟನೆಯಾದ ಆ ಸೇತುವೆಯ ದೀಪ ಒಂದು ಸಲವೂ ಉರಿದಿಲ್ಲ.

ಆದ್ದರಿಂದ ಹೇಳುತ್ತೇನೆ, ನೀನು ಏನು ಬೇಕಾದರೂ ಮಾಡು, "ಇನ್ನೊಂದು ಸಲ ಮಾಡಿ" ಎಂದು ಮಾತ್ರ ಯಾರಿಗೂ ಹೇಳಬೇಡ.

ಅಪ್ಪ

(ಅಂಚಿನಲ್ಲಿ, ಪೆನ್ಸಿಲಿನಲ್ಲಿ) ಪುಟ್ಟಿ, ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೋಗು. ಮದುವೆಮನೆಯಲ್ಲಿ ಫೋಟೋದವರಿಗೆ ಊಟ ಸಿಗುವುದು ಕೊನೆಗೆ. ನಿನ್ನ ಕಾಗದವನ್ನು ಅಪ್ಪ ಪಕ್ಕದ ಮನೆಯವರಿಗೂ ಓದಿ ಹೇಳಿದರು, ಅಂಚೆಯವನ ತಪ್ಪು ತೋರಿಸುವುದಕ್ಕಂತೆ. - ಅಮ್ಮ

•

ಫೆಬ್ರವರಿ ೫

ಅಪ್ಪ, ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಏನಾಯಿತು ಎನ್ನುವುದಕ್ಕಿಂತ ಏನಾಗಬೇಕಿತ್ತು ಎಂದೇ ಬರುತ್ತಿತ್ತು. ಅಪ್ಪನಿಗೆ ಅದು ಹಿಡಿಸುವುದಿಲ್ಲ. ಈಗ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗಿನಿಂದ ಎಲ್ಲವೂ ನನ್ನ ಕಡೆಗೇ ಇತ್ತು. ಸಭಾಂಗಣದ ಒಂದು ಬದಿಗೆ ಉದ್ದಕ್ಕೂ ಕಿಟಕಿ, ಒಳ್ಳೆಯ ಬೆಳಕು. ಹೊಸ ಚಪ್ಪಲಿ ಕಚ್ಚಿದ್ದಕ್ಕೆ ಮದುಮಗಳು ಹಿಮ್ಮಡಿಗೆ ಬ್ಯಾಂಡೇಜು ಅಂಟಿಸಿಕೊಳ್ಳುತ್ತಿದ್ದಳು, ಅದನ್ನು ತೆಗೆದೆ. ಅವಳ ತಂದೆ ಉಗ್ರಾಣದಲ್ಲಿ ಒಬ್ಬರೇ ನಿಂತು, ಒಂದರ ಮೇಲೊಂದು ಜೋಡಿಸಿಟ್ಟ ಕುರ್ಚಿಗಳಿಗೆ ತಮ್ಮ ಭಾಷಣ ಒಪ್ಪಿಸುತ್ತಿದ್ದರು, ಅದನ್ನೂ ತೆಗೆದೆ. ಮದುಮಗನ ಸೋದರತ್ತೆ ಇದ್ದರು. ತಾಯಿಯಿಲ್ಲದ ಅವನನ್ನು ಸಾಕಿದವರು ಅವರೇ, ಮದುವೆ ನಡೆಸುತ್ತಿದ್ದವರೂ ಅವರೇ. ಬೆನ್ನು ಒಂಚೂರೂ ಬಾಗದ ಹೆಂಗಸು. ಹೂವಿನ ಕುಂಡದಿಂದ ಬೀಗರವರೆಗೆ ಎಲ್ಲರನ್ನೂ ಇದ್ದ ಜಾಗದಿಂದ ಎಬ್ಬಿಸಿ ಬೇರೆ ಜಾಗದಲ್ಲಿ ನಿಲ್ಲಿಸಿದರು. ನನಗೂ ಹೇಳಿದರು, ಉಂಗುರದ ಫೋಟೋ ಒಂದು ಸರಿಯಾಗಿ ಬಂದರೆ ಸಾಕು, ಮಿಕ್ಕಿದ್ದೆಲ್ಲ ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು.

ಉಂಗುರದ ಹೊತ್ತು ಬಂತು. ಇಡೀ ಸಭಾಂಗಣ ಉಸಿರು ಹಿಡಿದು ಕೂತಿತ್ತು. ಮದುಮಗ ಬೆವರುತ್ತಿದ್ದ, ನಾನೂ ಬೆವರುತ್ತಿದ್ದೆ. ಕ್ಯಾಮೆರಾ ಕಣ್ಣಿಗೆ ಹಚ್ಚಿದೆ. ಹೆದರಿದಾಗ ಬಾಯಿ ತನಗೆ ಗೊತ್ತಿರುವುದನ್ನೇ ಆಡುತ್ತದೆ ಎಂದು ಆವತ್ತು ತಿಳಿಯಿತು. ಆ ನಿಶ್ಶಬ್ದದಲ್ಲಿ, ಕೊನೆಯ ಸಾಲಿನವರೆಗೂ ಕೇಳುವ ಹಾಗೆ, ನಾನು ಹೇಳಿದೆ:

"ನೇರ ನಿಂತ್ಕೊಳ್ಳಿ. ಕಿವಿ ಕಾಣಲಿ. ಬಾಯಿ ಮುಚ್ಚಿ. ನಗಬೇಡಿ."

ಮದುಮಗ ಬಾಯಿ ಮುಚ್ಚಿ ನೆಟ್ಟಗೆ ನಿಂತ. ಮದುಮಗಳು ಕೂದಲನ್ನು ಎರಡೂ ಕಿವಿಯ ಹಿಂದೆ ಸರಿಸಿ ನಿಂತಳು. ಇಬ್ಬರೂ ಗಡಿ ದಾಟಲು ಅಪ್ಪಣೆ ಕೇಳುವವರ ಹಾಗೆ ನನ್ನನ್ನೇ ನೋಡಿದರು. ಮೊದಲು ಮದುಮಗಳ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಅವಳು ತಡೆಯಲಾರದೆ ನಕ್ಕಳು, ಆಮೇಲೆ ಇಡೀ ಸಭಾಂಗಣ. ಮದುಮಗನ ಕೈಯಿಂದ ಉಂಗುರ ಜಾರಿ, ಟಿಣ್ ಎಂದು ಬಿದ್ದು, ಉರುಳಿಕೊಂಡು ಹೋಯಿತು.

ಅದರ ಹಿಂದೆ ಬೀಗರಿಬ್ಬರೂ ಮೊಣಕಾಲೂರಿದರು. ಅಂಬೆಗಾಲಿಡುತ್ತ ಹೋಗಿ ಕುರ್ಚಿಗಳ ನಡುವೆ ಒಬ್ಬರಿಗೊಬ್ಬರು ತಲೆ ಡಿಕ್ಕಿ ಹೊಡೆದುಕೊಂಡರು. ಸೋದರತ್ತೆ ಎಲ್ಲರನ್ನೂ ಬೈಯುತ್ತ ಬಂದವರು ತಾವೇ ನೆಲದ ಮೇಲೆ ಮಲಗಿ, ಸೋಫಾದ ಕೆಳಗೆ ಭುಜದವರೆಗೂ ಹೋಗಿ, ಕನ್ನಡಕ ಒಂದೇ ಕಿವಿಗೆ ನೇತಾಡುತ್ತಿರುವಾಗ ಉಂಗುರವನ್ನು ಎತ್ತಿ ಹಿಡಿದರು. ತಲೆಯ ಮೇಲೆ ಜೇಡರ ಬಲೆ. ನಾನು ನಿಲ್ಲಿಸಲಿಲ್ಲ ಅಪ್ಪ. ನಾಚಿಕೆಯಿಂದ ಸಾಯುತ್ತಿದ್ದೆ, ಆದರೆ ಬೆರಳು ತನ್ನ ಕೆಲಸ ಮಾಡುತ್ತಲೇ ಇತ್ತು. ನೀವು ಕೆಮ್ಮು ಹೊಡೆದ ಹಾಗೆ ನಾನು ಎಲ್ಲವನ್ನೂ ತೆಗೆದೆ.

ಆಮೇಲೆ ಆ ಗದ್ದಲದಲ್ಲೇ ಅವನು ಉಂಗುರ ತೊಡಿಸಿಬಿಟ್ಟ. ನೆಂಟರೆಲ್ಲ ಫೋನು ಎತ್ತಿಕೊಂಡು ನನ್ನ ಮುಂದೆ ನುಗ್ಗಿದರು. ಆ ಗಳಿಗೆಯ ಫೋಟೋ ಎಂದು ನನ್ನ ಹತ್ತಿರ ಇರುವುದು ಯಾರದೋ ಒಂದು ಮೊಣಕೈ.

ಸೋದರತ್ತೆ ಅಲ್ಲೇ ಕೇಳಿದರು, ಇನ್ನೊಂದು ಸಲ ಹಾಕಿಸಿ ತೆಗಿ ಎಂದು. ನಿಮ್ಮ ಕಾಗದ ನನ್ನ ಬ್ಯಾಗಿನಲ್ಲಿತ್ತು. "ಆಗಿದ್ದು ಆಯ್ತಮ್ಮ, ಮತ್ತೆ ಹಾಕ್ಸಲ್ಲ" ಎಂದುಬಿಟ್ಟೆ. ಅವರು ಮರುದಿನ ನೇರ ಯಜಮಾನರ ಹತ್ತಿರ ಹೋದರು.

ಯಜಮಾನರು ಫೋಟೋಗಳನ್ನೆಲ್ಲ ನೋಡಿ, "ಮದುವೆಮನೇನ ಪಾಸ್‌ಪೋರ್ಟ್ ಆಫೀಸ್ ಮಾಡಿ ಬಂದ್ಯಲ್ಲಮ್ಮ" ಎಂದರು. ನಗಲಿಲ್ಲ. ತೀರ್ಮಾನವಾಗಿರುವುದು ಹೀಗೆ. ಹದಿನೇಳನೇ ತಾರೀಕು ಗಂಡ ಹೆಂಡತಿ ಮದುವೆಯ ಬಟ್ಟೆಯಲ್ಲೇ ಅತ್ತೆಯ ಜೊತೆ ಸ್ಟುಡಿಯೋಗೆ ಬರುತ್ತಾರೆ. ಹಿಂದೆ ಹೂವಿಟ್ಟು ಉಂಗುರದ ಫೋಟೋವನ್ನು ನಾನು ಹೊಸದಾಗಿ ತೆಗೆಯಬೇಕು. ನೆಲದ ಮೇಲೆ ಉರುಳಾಡಿದ ಫೋಟೋಗಳನ್ನು ಅಳಿಸಬೇಕು. ಒಲ್ಲೆ ಎಂದರೆ ಮೆಟ್ಟಿಲ ಕೆಳಗೆ ಹೋಗಬೇಕು.

ನೀವು ಹೇಳಿದಂತೆ ನಡೆದುಕೊಂಡೆ. ಈಗ ಹೇಗೆ ನಡೆದುಕೊಳ್ಳಲಿ?

ನಿಮ್ಮ ಮಗಳು

•

ಫೆಬ್ರವರಿ ೯

ಮಗಳೇ,

ನಿನ್ನ ಕಾಗದವನ್ನು ಗ್ರಂಥಾಲಯದಲ್ಲಿ ಕೂತು ಓದಿದೆ. "ಸದ್ದು ಮಾಡಬಾರದು" ಎಂಬ ಬೋರ್ಡಿನ ಕೆಳಗೇ ಕೂತಿದ್ದೆ. ಬೀಗರು ಡಿಕ್ಕಿ ಹೊಡೆದುಕೊಳ್ಳುವಲ್ಲಿಗೆ ಬಂದಾಗ ನನ್ನನ್ನು ಹೊರಗೆ ಕಳಿಸಿದರು. ಗ್ರಂಥಪಾಲಕರ ವರ್ತನೆ ಸರಿಯಾಗಿಯೇ ಇತ್ತು, ಆದ್ದರಿಂದ ದೂರು ಕೊಡುವ ಹಾಗಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಒಪ್ಪಬೇಡ. ಅಳಿಸಬೇಡ. ಯಾವ ಕೋರ್ಟೂ ಆಗಿಹೋದ ಸಾಕ್ಷ್ಯವನ್ನು ಹರಿದು ಹಾಕಿ, ಹೂವಿಟ್ಟು ಹೊಸದನ್ನು ಬರೆಸುವುದಿಲ್ಲ. ಬರೆಸಿದ ಕೋರ್ಟುಗಳಿದ್ದರೆ ಅವುಗಳ ಗತಿ ಚರಿತ್ರೆಯ ಪುಸ್ತಕಗಳಲ್ಲಿದೆ, ಕಳಿಸಿಕೊಡುತ್ತೇನೆ. ಮೆಟ್ಟಿಲ ಕೆಳಗೆ ಕೂರಿಸುತ್ತಾರೆಯೇ? ಕೂರಿಸಲಿ. ಬೆನ್ನು ನೇರವಾಗಿದ್ದರೆ ಮೆಟ್ಟಿಲ ಕೆಳಗೆ ಕೂತರೂ ತಲೆ ತಗ್ಗುವುದಿಲ್ಲ.

ಆ ಮೊಣಕೈ ಫೋಟೋವನ್ನೂ ಇಟ್ಟುಕೊಂಡಿರು.

ಅಪ್ಪ

•

ಫೆಬ್ರವರಿ ೧೦

ಪುಟ್ಟಿ,

ಇದನ್ನು ಅಪ್ಪನಿಗೆ ತೋರಿಸದೆ ಹಾಕುತ್ತಿದ್ದೇನೆ. ಅವರು ಔಷಧಿ ಅಂಗಡಿಗೆ ಹೋಗಿದ್ದಾರೆ, ಅಲ್ಲಿ ತೂಕದ ಯಂತ್ರ ಸುಳ್ಳು ಹೇಳುತ್ತದೆಂದು ಜಗಳವಿದೆ. ಬೇಗ ಬರುವುದಿಲ್ಲ.

ನಮ್ಮ ಮದುವೆಯ ಫೋಟೋ ಸುಳ್ಳು ಎಂದು ಅವರು ನಿನಗೆ ಬರೆದರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಆದರೆ ಮೊದಲನೇ ಸಲ ಏನಾಯಿತೆಂದು ಬರೆದಿಲ್ಲ. ಮೊದಲನೇ ಸಲ ಅವರು ನನ್ನ ಮುಖವನ್ನೇ ನೋಡಲಿಲ್ಲ. ಟೈಪು ಹೊಡೆಯುವವರು ಕಾಗದ ನೋಡುವ ಹಾಗೆ ನನ್ನ ಕೈಯನ್ನೇ ನೋಡುತ್ತ, ನಡುಗುತ್ತ ನಡುಗುತ್ತ ಉಂಗುರವನ್ನು ನಡುಬೆರಳಿಗೆ ತುರುಕಿಬಿಟ್ಟರು. ಅದು ಸಿಕ್ಕಿಹಾಕಿಕೊಂಡಿತು. ನಿನ್ನ ಅಜ್ಜಿ ಒಳಗಿನಿಂದ ಸೋಪು ತಂದು ನೀರು ಹಚ್ಚಿ ಎಳೆದು ತೆಗೆದಳು. ಇದೆಂಥ ಗಂಡಪ್ಪ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ಸರಿಯಾದ ಬೆರಳಿಗೆ ಹಾಕಿ ತಲೆ ತಗ್ಗಿಸಿ ನಿಂತರು.

ಅಷ್ಟರಲ್ಲಿ ಆ ಫೋಟೋದವನು ಬಂದ. ಎರಡನೇ ಸಲ ಹಾಕುವಾಗ ಅವರ ಕೈ ನಡುಗಲಿಲ್ಲ. ಕೆಲಸ ಆಗಲೇ ಮುಗಿದಿತ್ತಲ್ಲ, ಹೆದರಿಕೆ ಹೋಗಿತ್ತು. ಆಗ ತಲೆಯೆತ್ತಿ ನನ್ನನ್ನು ನೋಡಿದರು. ಆವತ್ತು ಮೊದಲ ಸಲ ನೋಡಿದ್ದೇ ಆಗ. ನನಗೆ ನಾಚಿಕೆಯಾಗಿ ಕ್ಯಾಮೆರಾ ಕಡೆ ತಿರುಗಿದೆ. ಫೋಟೋದಲ್ಲಿ ಅವರು ನನ್ನ ಮುಖ ಹುಡುಕುತ್ತಾರೆ. ತಮ್ಮದನ್ನು ಒಂದು ದಿನವೂ ಸರಿಯಾಗಿ ನೋಡಿಲ್ಲ. ನಾನು ದಿನಾ ಒರೆಸುತ್ತೇನೆ, ದಿನಾ ನೋಡುತ್ತೇನೆ.

ಅದಕ್ಕೆ ಹೇಳುತ್ತೇನೆ, ನೆಲದ ಮೇಲಿನ ಫೋಟೋ ಅಳಿಸಬೇಡ, ಅದರಲ್ಲಿ ಅಪ್ಪ ಹೇಳಿದ್ದೇ ಸರಿ. ಆದರೆ ಇನ್ನೊಂದು ಸಲ ಬೇಕೋ ಬೇಡವೋ ಎನ್ನುವುದನ್ನು ನೀನು ತೀರ್ಮಾನಿಸಬೇಡ. ಅಪ್ಪನೂ ಬೇಡ, ಆ ಅತ್ತೆಯೂ ಬೇಡ. ಉಂಗುರ ಯಾರದೋ ಅವರನ್ನು ಕೇಳು. ಇಷ್ಟು ಜನರಲ್ಲಿ ಅವರನ್ನು ಯಾರೂ ಕೇಳಿದ ಹಾಗೆ ಕಾಣೆ.

ಅಮ್ಮ

•

ಫೆಬ್ರವರಿ ೧೯

ಅಪ್ಪ, ಅಮ್ಮ,

ಆ ದಿನ ಮೂವರೂ ಬಂದರು. ಯಜಮಾನರು ದೊಡ್ಡ ಹಾಲಿನಲ್ಲಿ ಹೂವಿಡಿಸಿ, ಲೈಟು ಹಾಕಿಸಿ ಸಿದ್ಧವಾಗಿದ್ದರು. ನಾನು ಅದಕ್ಕೂ ಮೊದಲೇ ನೆಲದ ಮೇಲಿನ ಫೋಟೋಗಳನ್ನೆಲ್ಲ ದೊಡ್ಡದಾಗಿ ಪ್ರಿಂಟು ಹಾಕಿ, ಕಾಗದ ಕತ್ತರಿಸುವ ಮೇಜಿನ ಮೇಲೆ ಹರಡಿಟ್ಟಿದ್ದೆ. ಅಳಿಸುವ ಮುಂಚೆ ಒಂದು ಸಲ ಕಣ್ಣಿಂದ ನೋಡಿಬಿಡಿ ಎಂದೆ.

ಸೋದರತ್ತೆ ಮೊದಲು ಎತ್ತಿಕೊಂಡದ್ದು ತಮ್ಮದೇ ಫೋಟೋ, ಸೋಫಾದ ಕೆಳಗಿನಿಂದ ಉಂಗುರ ಎತ್ತಿ ಹಿಡಿದದ್ದು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಯಜಮಾನರು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೇಳಿದರು:

"ನನ್ನ ಸೊಂಟ ಇಷ್ಟು ಬಗ್ಗುತ್ತಾ?"

ಬಗ್ಗಿದೆಯಲ್ಲಮ್ಮ ಎಂದೆ. ಅವರು ಆ ಫೋಟೋ ಕೆಳಗಿಡಲಿಲ್ಲ. ಡಾಕ್ಟರಿಗೆ ತೋರಿಸಬೇಕು, ಇನ್ನು ಬಗ್ಗುವುದೇ ಇಲ್ಲ ಎಂದಿದ್ದ ಅವನಿಗೆ, ಎಂದರು.

ಉಂಗುರದವರನ್ನೇ ಕೇಳಬೇಕೆಂದು ಯಾರೋ ಬುದ್ಧಿವಂತರು ನನಗೆ ಹೇಳಿದ್ದರು. ಹಾಗಾಗಿ ಗಂಡ ಹೆಂಡತಿಯ ಕಡೆ ತಿರುಗಿ, ಮತ್ತೆ ತೆಗೆಯಬೇಕೋ ಬೇಡವೋ, ನೀವೇ ಹೇಳಿ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ನಿಜವಾಗಿ ಅವರನ್ನು ಯಾರೂ ಕೇಳಿರಲಿಲ್ಲ. ಹುಡುಗ ಅತ್ತೆಯನ್ನು ನೋಡಿದ. ಹುಡುಗಿ ಉಂಗುರ ತೆಗೆಯುವುದಿಲ್ಲ ಎಂದಳು. ಆಮೇಲೆ, ಆದರೆ ಫೋಟೋ ಬೇಕು ಎಂದಳು. "ಇಲ್ಲಲ್ಲ. ನೀವು ದಿನಾ ತೆಗೀತೀರಲ್ಲ, ಆ ಜಾಗದಲ್ಲಿ."

ಮೆಟ್ಟಿಲ ಕೆಳಗಿನ ನನ್ನ ಕೋಣೆಗೆ ಮದುವೆಯ ಬಟ್ಟೆಯಲ್ಲಿ ಇಬ್ಬರು ಬಂದದ್ದು ಇದೇ ಮೊದಲು. ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತರು. ಹುಡುಗ ದಾರದ ಬಾಚಣಿಗೆಯಿಂದ ತಲೆ ಬಾಚಿಕೊಂಡ. ನಾನು ಹೇಳಬೇಕಾದ್ದನ್ನು ಈ ಸಲ ಬೇಕೆಂದೇ ಹೇಳಿದೆ. ಇಬ್ಬರೂ ಕಿವಿ ಕಾಣಿಸಿ, ಬಾಯಿ ಬಿಗಿದು, ನಗದೆ ಕೂತರು. ಕೆನ್ನೆ ಕೆಂಪಾಗುವವರೆಗೂ ತಡೆದುಕೊಂಡರು. ಅಷ್ಟರಲ್ಲಿ ಪರದೆಯಾಚೆಯಿಂದ ಸೋದರತ್ತೆ, "ನಗಬೇಡಿ ಅಂದ್ರೆ ಗೊತ್ತಾಗಲ್ವೇನ್ರೋ" ಎಂದು ಗದರಿದರು. ಆಮೇಲೆ ಏನಾಯಿತೋ ಅದೇ ಫೋಟೋ.

ಯಜಮಾನರು ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡಿದರು. ಇವತ್ತು ಬೆಳಗ್ಗೆ ಬಂದಾಗ ನೋಡಿದರೆ, ಬೀದಿಯ ಕಡೆಯ ಗಾಜಿನ ಕಪಾಟಿನಲ್ಲಿ ಇಷ್ಟು ವರ್ಷ ಇದ್ದ ಗುಲಾಬಿ ಹಿಡಿದ ಜೋಡಿ ಇಲ್ಲ. ಅಲ್ಲಿ ನನ್ನ ಫೋಟೋ ಇದೆ. ಬೀಗರಿಬ್ಬರು ನೆಲದ ಮೇಲೆ, ಅತ್ತೆಯ ಕೈಯಲ್ಲಿ ಉಂಗುರ, ಹಿಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿರುವ ಮದುಮಗಳು. ಎರಡೂ ಮನೆಯವರ ಒಪ್ಪಿಗೆ ಪಡೆದಿದ್ದಾರಂತೆ. ಇಡುವುದಾದರೆ ಸಣ್ಣದಾಗಿ ಇಡಬೇಡಿ ಎಂದರಂತೆ ಅತ್ತೆ.

ಮುಂದಿನ ಮದುವೆ ತಿಂಗಳ ಕೊನೆಗೆ. ಅದರ ಮುಂದಿನದೂ ನನ್ನದೇ. ಅಳಿಯ ಈಗಲೂ ಪಾಸ್‌ಪೋರ್ಟಮ್ಮ ಎಂದೇ ಕರೆಯುತ್ತಾನೆ. ಇರಲಿ, ಆ ಹೆಸರಿನಿಂದಲೇ ಬಂದದ್ದಲ್ಲವೇ ಇದೆಲ್ಲ.

ನಿಮ್ಮ ಮಗಳು

•

ಮಾರ್ಚ್ ೪

ಪುಟ್ಟಿ,

ಶನಿವಾರ ಅಪ್ಪ ಕೋರ್ಟಿಗೆ ಹಾಕುತ್ತಿದ್ದ ಕೋಟು ತೆಗೆದು ಹಾಕಿಕೊಂಡರು. ಎಲ್ಲಿಗೆ ಎಂದೆ. ಗ್ರಂಥಾಲಯಕ್ಕೆ ಎಂದರು. ಶನಿವಾರ ಗ್ರಂಥಾಲಯಕ್ಕೆ ರಜೆ. ಆ ರಜೆ ಅನ್ಯಾಯವೆಂದು ಊರಿಗೆಲ್ಲ ಬರೆದವರೇ ಇವರು.

ಬಂದಾಗ ಸಂಜೆಯಾಗಿತ್ತು. ಕೋಟಿನ ಜೇಬಿನಲ್ಲಿ ನಿಮ್ಮೂರಿನ ಬಸ್ಸಿನ ಟಿಕೆಟ್ಟು. ಊಟ ಮಾಡುವಾಗ ಯಾರನ್ನೂ ಬೈಯಲಿಲ್ಲ, ನನಗೆ ಹೆದರಿಕೆಯೇ ಆಯಿತು. ಎದ್ದು ಕೈ ತೊಳೆದು, ಗೋಡೆಯ ಮೇಲಿನ ನಮ್ಮ ಫೋಟೋ ಇಳಿಸಿ, ದೀಪದ ಕೆಳಗೆ ಹಿಡಿದುಕೊಂಡು ಕೂತರು. ತುಂಬ ಹೊತ್ತಾದ ಮೇಲೆ ಕೇಳಿದರು, "ಇದರಲ್ಲಿ ನಾನು ಯಾರನ್ನ ನೋಡ್ತಿದ್ದೀನಿ?"

"ಈಗ ಕೇಳ್ತಿದ್ದೀರಲ್ಲ" ಎಂದೆ.

ಫೋಟೋವನ್ನು ಅದೇ ಮೊಳೆಗೆ ತೂಗು ಹಾಕಿದರು, ಸೊಟ್ಟಗಿದೆಯೇ ಎಂದು ನನ್ನನ್ನು ಕೇಳಿ ಸರಿಮಾಡಿದರು. ಆಮೇಲೆ ಟೈಪ್‌ರೈಟರಿನ ಹೊದಿಕೆ ತೆಗೆದು ಕೂತರು. ಯಾವ ಕಚೇರಿಯ ಗ್ರಹಚಾರವೋ ಕಾಣೆ. ಕೊನೆಗೆ "ಇಂತಿ, ಒಬ್ಬ ನಾಗರಿಕ" ಎಂದು ತಮ್ಮ ದೂರಿಗೆಲ್ಲ ಹಾಕುತ್ತಾರಲ್ಲ, ಅಲ್ಲಿಗೆ ಬಂದಾಗ ಯಾವಾಗಲೂ ಟಕಟಕ ಎಂದು ಓಡುವ ಯಂತ್ರ ಈ ಸಲ ಸ್ವಲ್ಪ ಹೊತ್ತು ನಿಂತಿತ್ತು.

ಅಮ್ಮ

•

ಮಾರ್ಚ್ ೨

ಸ್ಟುಡಿಯೋದ ಯಜಮಾನರಿಗೆ,

ವಿಷಯ: ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಂಡುಬಂದ ಲೋಪ.

ಮಾನ್ಯರೇ,

ಇಂದು ಮಧ್ಯಾಹ್ನ ತಮ್ಮ ಅಂಗಡಿಯ ಮುಂದೆ ನಿಂತು ಕಪಾಟಿನಲ್ಲಿರುವ ಛಾಯಾಚಿತ್ರವನ್ನು ನೋಡಿದೆ. ಇಬ್ಬರು ಹಿರಿಯರು, ಒಬ್ಬ ಮಹಿಳೆ, ಒಂದು ಉಂಗುರ, ನಗುತ್ತಿರುವ ವಧು. ಚಿತ್ರದ ಬಗ್ಗೆ ನನ್ನ ಆಕ್ಷೇಪಣೆಯಿಲ್ಲ. ಅದರಲ್ಲಿ ಯಾರೂ ಯಾರಿಗೋಸ್ಕರವೂ ನಿಂತಿಲ್ಲ, ನಟಿಸಿಲ್ಲ. ಒಬ್ಬೊಬ್ಬರ ಮುಖವೂ ಆ ಗಳಿಗೆಗೆ ಸಾಕ್ಷಿ ಹೇಳುತ್ತಿದೆ. ನಾನು ಜೀವಮಾನವೆಲ್ಲ ಸಾಕ್ಷಿಗಳ ಮಾತನ್ನು ಬೆರಳಚ್ಚು ಮಾಡಿದವನು. ಇಷ್ಟು ನಿಖರವಾದ ಸಾಕ್ಷ್ಯವನ್ನು ನಾನು ದಾಖಲಿಸಿದ್ದು ಕಡಿಮೆ.

ನಾನು ನಿಂತಿದ್ದಾಗ ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ಪಕ್ಕದಲ್ಲಿ ನಿಂತು ನೋಡಿ ನಕ್ಕರು. ಚೀಲ ಕೆಳಗಿಟ್ಟು ಮತ್ತೆ ನಕ್ಕರು. ಇದನ್ನು ತೆಗೆದವರು ಯಾರು ಎಂದು ನನ್ನನ್ನು ಕೇಳಿದರು. ನಾನು ಚಿತ್ರದ ಕೆಳಗೆ ನೋಡಿದೆ, ಚೌಕಟ್ಟಿನ ಮೇಲೆ ನೋಡಿದೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಾಲ್ಕು ಮೂಲೆಯೂ ನೋಡಿದೆ. ತಮ್ಮ ಅಂಗಡಿಯ ಹೆಸರಿದೆ, ಫೋನಿನ ಸಂಖ್ಯೆಯಿದೆ, ಚೌಕಟ್ಟು ಮಾಡಿದವನ ಮುದ್ರೆಯೂ ಇದೆ. ತೆಗೆದವರ ಹೆಸರು ಎಲ್ಲಿಯೂ ಇಲ್ಲ.

ನಾನು ಬಾಯಲ್ಲಿ ಹೇಳಬಹುದಿತ್ತು. ಬಾಯಿಮಾತಿಗೆ ಸಾಕ್ಷಿಯಿಲ್ಲ.

ಒಳಗೆ ಬಂದು ತಮ್ಮ ಗಮನಕ್ಕೆ ತರೋಣವೆಂದು ಬಾಗಿಲವರೆಗೆ ಬಂದೆ. ಆದರೆ ಮೆಟ್ಟಿಲ ಕೆಳಗಿನಿಂದ ಯಾರಿಗೋ ಕಿವಿ ಕಾಣಲಿ, ನಗಬೇಡಿ ಎಂದು ಹೇಳುವ ಧ್ವನಿ ಕೇಳಿಸಿತು. ಕೆಲಸದಲ್ಲಿರುವವರಿಗೆ ಅಡ್ಡಿ ಮಾಡುವುದು ಸರಿಯಲ್ಲವೆಂದು ಹಿಂದಿರುಗಿದೆ.

ಸಹಿಯಿಲ್ಲದ ದಾಖಲೆಯನ್ನು ಯಾವ ಕಚೇರಿಯೂ ಸ್ವೀಕರಿಸುವುದಿಲ್ಲ. ಆದ್ದರಿಂದ ಚಿತ್ರದ ಕೆಳಗೆ, ರಸ್ತೆಯ ಆಚೆ ಬದಿಯಿಂದಲೂ ಕನ್ನಡಕವಿಲ್ಲದೆ ಓದಬಹುದಾದ ಅಕ್ಷರಗಳಲ್ಲಿ, ತೆಗೆದವರ ಪೂರ್ಣ ಹೆಸರನ್ನು ಕೂಡಲೇ ಬರೆಸಬೇಕಾಗಿ ಕೋರುತ್ತೇನೆ. ಹೆಸರು ತಮಗೆ ಗೊತ್ತಿದೆ. ಬರೆಸಿದ ಮೇಲೆ ನಾನು ಮತ್ತೆ ಬಂದು ಪರಿಶೀಲಿಸುತ್ತೇನೆ. ಆ ಸಲ ಒಬ್ಬನೇ ಬರುವುದಿಲ್ಲ.

ಇಂತಿ,
ಛಾಯಾಗ್ರಾಹಕಿಯ ಅಪ್ಪ